ಮೋನ ತಂದ ತೊಟ್ಟಿಲು

ಇದು ನಡೆದದ್ದು ನಮ್ಮೂರಿಗೆ ಕರೆಂಟು ಬರುವುದಕ್ಕೆ ಹಿಂದಿನ ವರ್ಷ, ಮಾಘ ಮಾಸದಲ್ಲಿ.

ಬಡಗಿ ಬೀದಿಯಲ್ಲಿ ಕಾಳಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಮಗಳು ಅಂಬುಜ ಬಾಣಂತನಕ್ಕೆ ಬಂದಿದ್ದಳು. ಮಗ ಮೋನ ಮನೆಯಲ್ಲೇ ಇದ್ದ. ಅವನು ಸೋಮಾರಿಯಲ್ಲ. ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಮರೆಯುವವನಂತೂ ಅಲ್ಲವೇ ಅಲ್ಲ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ಕಷ್ಟ.

ಒಂದು ದಿನ ಕಾಳಮ್ಮ, "ಮಳೆ ಬಂದ್ರೆ ಹಪ್ಪಳ ಒಳಗೆ ತಗೊಳೋ" ಅಂತ ಹೇಳಿ ಹೊಳೆಗೆ ಹೋಗಿದ್ದಳು. ಮಳೆ ಬಂತು. ಬಂದು ನೋಡಿದರೆ ಹಪ್ಪಳ ಒಳಗಿದೆ, ಮೆಣಸಿನಕಾಯಿ ಅಂಗಳದಲ್ಲಿ ತೇಲುತ್ತಿದೆ.

"ಲೇ ಮೋನ! ಮೆಣಸಿನಕಾಯಿ?"

"ಅದನ್ನ ನೀನು ಹೇಳ್ಲಿಲ್ಲವಲ್ಲ ಅವ್ವ."

ಇಂಥ ಮಗ.

ಅಂಬುಜಳಿಗೆ ಮದುವೆಯಾಗಿ ಬಹಳ ಕಾಲದ ಮೇಲೆ ಒಂದು ಹೆಣ್ಣುಮಗು ಹುಟ್ಟಿತ್ತು. ಮೂರು ತಿಂಗಳು ತುಂಬಿದ ಮೇಲೆ ಹೆಸರಿಡಬೇಕು. ತವರುಮನೆಯಲ್ಲಿ, ತವರಿನವರು ಮಾಡಿಸಿದ ತೊಟ್ಟಿಲಲ್ಲಿ ಇಡಬೇಕು. ಆ ತೊಟ್ಟಿಲನ್ನು ಮಗುವಿನ ಸೋದರಮಾವ ತರಬೇಕು. ಅದು ಅವರ ಮನೆತನದ ಪದ್ಧತಿ. ಕಾಳಮ್ಮನ ಗಂಡ ಸಾಯುವ ಮುಂಚೆಯೇ ಮೊಮ್ಮಗುವಿನ ತೊಟ್ಟಿಲಿಗೆ ಅಂತ ಹಲಸಿನ ಹಲಗೆ ಕೊಯ್ಯಿಸಿ, ಅಟ್ಟದ ಮೇಲೆ ಒಣಗಲು ಇಟ್ಟಿದ್ದ. ಕಾಳಮ್ಮ ಹಬ್ಬಕ್ಕೊಂದು ಸಲ ಅಟ್ಟ ಹತ್ತಿ ಅದರ ಧೂಳು ಒರೆಸುತ್ತಿದ್ದಳು.

ಬೀಗಿತ್ತಿ ನೀಲಮ್ಮ, ಅಂದರೆ ಅಂಬುಜಳ ಅತ್ತೆ, ಖಂಡಿತವಾಗಿ ಹೇಳಿಬಿಟ್ಟಿದ್ದಳು.

"ನೋಡಿ ಕಾಳಮ್ನೋರೆ, ಹೆಸರಿಡೋ ದಿನ ನಾವು ಬಂದಾಗ ತೊಟ್ಟಿಲು ಇರಬೇಕು. ಇಲ್ದಿದ್ರೆ ಸೊಸೆ, ಮಗು ಇಬ್ರನ್ನೂ ಗಾಡಿ ಹತ್ತಿಸ್ಕೊಂಡು ಹೋಗ್ತೀನಿ. ಹೆಸರು ನಮ್ಮನೇಲೇ ಇಡ್ತೀವಿ. ನಮ್ಮಲ್ಲಿ ಬೆತ್ತದ ತೊಟ್ಟಿಲಿದೆ."

ಬಡಗಿ ಮನೆಯ ಮೊಮ್ಮಗಳು ಬೆತ್ತದ ತೊಟ್ಟಿಲಲ್ಲಿ! ಕಾಳಮ್ಮನಿಗೆ ಅವತ್ತು ಅನ್ನ ಸೇರಲಿಲ್ಲ. ಎದ್ದವಳೇ ಅಣ್ಣನ ಮನೆಗೆ ಹೋದಳು. ಅಣ್ಣ ವೀರಾಚಾರಿ ಆ ಬೀದಿಯಲ್ಲಿ ನಾಜೂಕು ಕೆಲಸಕ್ಕೆ ಹೆಸರಾದವನು. ಅವನು ಕೂರಿಸಿದ ಕೀಲಿನ ಸಂದಿಗೆ ಕೂದಲೂ ತೂರುತ್ತಿರಲಿಲ್ಲ.

"ಅಣ್ಣ, ತೊಟ್ಟಿಲು ನೀನು ಮಾಡು. ಆದರೆ ಮೋನನ್ನ ಜೊತೆಗೆ ಹಾಕ್ಕೋ. ಸೋದರಮಾವನ ಕೈ ಸೋಕಬೇಕು."

ವೀರಾಚಾರಿ ಮೋನನ ಕೈ ನೋಡಿದ. "ಸೋಕ್ಲಿ. ಸೋಕೋದರಲ್ಲೇ ಮುಗೀಲಿ" ಅಂದ.

ಕೆಲಸ ಶುರುವಾಯಿತು. ವೀರಾಚಾರಿ ಹಲಗೆಯನ್ನು ಮೇಜಿನ ಮೇಲೆ ಮಲಗಿಸಿದ. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಮೀಟಿದ. ಟಪ್! ಹಲಗೆಯ ಮೇಲೆ ಕೆಂಪು ಗೆರೆ ಬಿತ್ತು. ದಾರ ಉದ್ದವಿತ್ತು. ಗೆರೆ ಹಲಗೆ ದಾಟಿ ಮೇಜಿನ ಮೂಲೆಯ ಮೇಲೂ ಬಿತ್ತು.

"ಗೆರೆ ಹಿಡಿದು ಗರಗಸ ಆಡಿಸು. ಗೆರೆ ಮುಗಿಯೋವರೆಗೂ ನಿಲ್ಲಿಸಬೇಡ. ನಾನು ಕಾಫಿ ಕುಡಿದು ಬರ್ತೀನಿ."

"ಹೂಂ ಮಾವ."

ವೀರಾಚಾರಿಗೆ ಕಾಫಿ ಜೊತೆ ಮಾತೂ ಬೇಕು. ಊರ ಸುದ್ದಿಯನ್ನೆಲ್ಲ ಮುಗಿಸಿ ಬಂದ. ಬಂದು ನೋಡಿದರೆ ಹಲಗೆ ಎರಡಾಗಿದೆ. ಕೊಯ್ತ ಕಣ್ಣಿಗೊತ್ತಿಕೊಳ್ಳುವಷ್ಟು ನೇರವಾಗಿದೆ. ಮೇಜಿನ ಮೂಲೆ ನೆಲದ ಮೇಲಿದೆ. ಮೋನ ಬೆವರು ಒರೆಸಿಕೊಳ್ಳುತ್ತಿದ್ದಾನೆ.

"ಅಯ್ಯಯ್ಯೋ! ನಮ್ಮಪ್ಪನ ಮೇಜು!"

"ಗೆರೆ ಈಗ ತಾನೇ ಮುಗೀತು ಮಾವ."

ಸುದ್ದಿ ಕಾಳಮ್ಮನಿಗೆ ಮುಟ್ಟಿತು. ಅವಳು ಬಾಗಿಲಲ್ಲೇ ಮಗನನ್ನು ಹಿಡಿದುಕೊಂಡಳು.

"ಥೂ ಪೆದ್ದೇ! ನಿನ್ನ ತಲೇಲಿ ಮೆದುಳಿದೆಯೋ, ಮರದ ಹೊಟ್ಟಿದೆಯೋ? ಕೊಯ್ಯೋ ಮುಂಚೆ ಅಡ್ಡ ಇರೋದನ್ನೆಲ್ಲ ಆಚೆ ಎತ್ತಿಡಬೇಕು ಕಣೋ!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆಯ ದಿನ ವೀರಾಚಾರಿ ಮೇಜಿನ ಗೊಡವೆಗೇ ಹೋಗಲಿಲ್ಲ. ನೆಲದ ಮೇಲೆ ಹಲಗೆ ಹಾಕಿ, ತಾನೇ ಅದರ ಮೇಲೆ ಕೂತು, ಎರಡು ಪಾದಗಳಿಂದ ಒತ್ತಿ ಹಿಡಿದುಕೊಂಡ. ಪಕ್ಕದಲ್ಲಿ ಕೆಂಡದ ಮೇಲೆ ಸರೇಸಿನ ಗಡಿಗೆ ಇತ್ತು. ಸರೇಸು ಬಡಗಿಗಳ ಅಂಟು. ಬೆಚ್ಚಗಿದ್ದರೆ ಪಾಯಸ, ಆರಿದರೆ ಕಲ್ಲು.

"ಈ ತುದೀನ ಕೊಯ್ಯೋ. ಇವತ್ತು ಕೀಲು ಕೂರಿಸಿ ಅಂಟು ಹಾಕಿಬಿಡೋಣ."

ಮೋನ ಗರಗಸ ಎತ್ತಿದ. ನಿಂತ. ಸುತ್ತ ನೋಡಿದ. ಅಡ್ಡ ಏನೇನಿದೆ?

ಉಳಿಗಳಿದ್ದವು. ಅಂಗಳಕ್ಕೆ ಒಯ್ದಿಟ್ಟ. ಕೊಡತಿ ಇತ್ತು. ಅಂಗಳಕ್ಕೆ ಒಯ್ದಿಟ್ಟ. ಸರೇಸಿನ ಗಡಿಗೆ ಇತ್ತು. ಅದನ್ನೂ ಅಂಗಳಕ್ಕೆ ಒಯ್ದಿಟ್ಟ. ಮತ್ತೆ ಬಂದು ನೋಡಿದ. ಇನ್ನೂ ಒಂದು ಉಳಿದಿತ್ತು. ಮಾವನ ಕಂಕುಳಿಗೆ ಕೈ ಹಾಕಿ ಎತ್ತಿದ.

"ಲೇ! ಲೇ! ಇಳಿಸೋ! ಏನೋ ಇದು?"

"ಅಡ್ಡ ಇದ್ರಿ ಮಾವ."

ಮಾವನನ್ನೂ ಅಂಗಳಕ್ಕೆ ಒಯ್ದಿಟ್ಟ. ಒಳಗೆ ಬಂದು ಚಿಲಕ ಹಾಕಿಕೊಂಡ. ವೀರಾಚಾರಿ ಬಾಗಿಲು ಬಡಿದ. ಮೋನ ಕೊಯ್ದು ಮುಗಿಸಿಯೇ ತೆಗೆದ. ಅಷ್ಟು ಹೊತ್ತಿಗೆ ಸರೇಸು ಆರಿ ಕೂತಿತ್ತು. ವೀರಾಚಾರಿ ಕುಂಚ ಹಿಡಿದು ಎತ್ತಿದ. ಗಡಿಗೆಯೂ ಜೊತೆಗೆ ಬಂತು.

ಅವನು ಅದನ್ನು ಹಾಗೇ ಎತ್ತಿ ಹಿಡಿದುಕೊಂಡು ತಂಗಿಯ ಮನೆಗೆ ಬಂದ.

"ನೋಡು ಕಾಳೀ, ನಿನ್ನ ಮಗ ಮಾಡಿದ ಕೆಲಸ!"

"ಅಯ್ಯೋ ದೇವ್ರೇ! ಲೇ ಮೋನ, ಸರೇಸನ್ನ ಆರೋಕೆ ಬಿಡ್ತಾರೇನೋ? ಮಾವ ಮರಕ್ಕೆ ಹಚ್ಚೋ ಸಾಮಾನು ಏನೇ ಇರ್ಲಿ, ಬಿಸಿನೀರಲ್ಲಿ ಇಟ್ಟು ಬೆಚ್ಚಗೆ ನೋಡ್ಕೋಬೇಕು!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಬೈಗುಳ ನಡೆಯುತ್ತಲೇ ಇತ್ತು, ತೊಟ್ಟಿಲೂ ಬೆಳೆಯುತ್ತಲೇ ಇತ್ತು. ವೀರಾಚಾರಿ ನಾಲ್ಕು ಮೂಲೆಗೆ ನಾಲ್ಕು ಗಿಣಿ ಕೆತ್ತಿದ. ಅಂಚಿಗೆ ಬಳ್ಳಿ ಬಿಡಿಸಿದ. ಹಲಗೆ ಅಗಲವಾಗಿತ್ತು, ಕಡಿಮೆ ಮಾಡಲು ಮನಸ್ಸು ಬರಲಿಲ್ಲ. ತೊಟ್ಟಿಲು ದೊಡ್ಡದೇ ಆಯಿತು. ಒಂದು ಮೊಳೆ ಇಲ್ಲ, ಎಲ್ಲ ಕೀಲಿನ ಮೇಲೇ ನಿಂತಿತ್ತು. ಉಪ್ಪುಕಾಗದ ಹಾಕಿ ಉಜ್ಜಿದ್ದೂ ಆಯಿತು. ಇನ್ನು ಮೇಣ ತಿಕ್ಕಿ ಹೊಳಪು ಕೊಡಬೇಕು, ಅಷ್ಟೇ.

"ಮೋನ, ಅಂಗಡಿಗೆ ಹೋಗಿ ಜೇನುಮೇಣದ ಉಂಡೆ ತಗೊಂಡು ಬಾ. ದೊಡ್ಡದೇ ತಾ."

ಮೋನ ತಂದ. ಮಾವ ಮರಕ್ಕೆ ಹಚ್ಚುವ ಸಾಮಾನು. ಬಿಸಿನೀರಲ್ಲಿ ಇಡಬೇಕು. ಮಾವನ ಮನೆಯಲ್ಲಿ ಬಿಸಿನೀರು ಎಲ್ಲಿದೆ? ಬಚ್ಚಲ ಹಂಡೆಯಲ್ಲಿ. ಮುಚ್ಚಳ ತೆಗೆದು ಉಂಡೆಯನ್ನು ಒಳಗೆ ಬಿಟ್ಟ. ಮುಚ್ಚಳ ಮುಚ್ಚಿದ. ಒಲೆಗೆ ಇನ್ನೊಂದು ಸೌದೆ ತುಂಬಿದ. ಬೆಚ್ಚಗಿರಲಿ ಅಂತ.

ಅವತ್ತು ಶನಿವಾರ. ವೀರಾಚಾರಿ ವಾರದ ಸ್ನಾನಕ್ಕೆ ಇಳಿದ. ಮಬ್ಬು ಬಚ್ಚಲು, ಏನೂ ಕಾಣುವುದಿಲ್ಲ. ಚೊಂಬು ಚೊಂಬು ನೀರು ತಲೆಯ ಮೇಲೆ ಸುರಿದುಕೊಂಡ. ಸ್ವಲ್ಪ ಹೊತ್ತಿಗೆ ಒಳಗಿಂದ ಕೂಗು ಕೇಳಿತು.

"ಲೇ ಇವಳೇ! ಮೈ ಮೇಲೆ ನೀರೇ ನಿಲ್ತಿಲ್ಲ ಕಣೇ! ಜಾರಿ ಹೋಗ್ತಿದೆ!"

ಹೆಂಡತಿ ಓಡಿ ಬಂದಳು. ವೀರಾಚಾರಿಯ ಮೀಸೆ ಎರಡು ಕಡೆಗೂ ಉಳಿಯ ಹಾಗೆ ನೆಟ್ಟಗೆ ನಿಂತಿತ್ತು. ಹುಬ್ಬು ಅಂಟಿಕೊಂಡಿತ್ತು. ಅವಳು ಟವೆಲು ತಗೊಂಡು ತಿಕ್ಕಿದಳು. ತಿಕ್ಕಿದಷ್ಟೂ ಗಂಡ ಹೊಳೆದ. ಹೊಳೆದಷ್ಟೂ ಅವಳಿಗೆ ನಗು ತಡೆಯಲಾಗಲಿಲ್ಲ. ಆಚೆ ಬಂದರೆ ಬಿಸಿಲು. ಬೀದಿಯವರು ನಿಂತು ನೋಡಿದರು.

"ಏನು ವೀರಾಚಾರ್ರೇ, ಬೀಟೆಮರದ ಕುರ್ಚಿ ಥರ ಮಿಂಚ್ತಾ ಇದ್ದೀರಿ!"

"ಒಂದ್ಸಲ ತಿರುಗಿ, ಹಿಂದುಗಡೆ ಹೊಳಪು ಹೆಂಗೆ ಬಂದಿದೆ ನೋಡೋಣ!"

ಕಾಳಮ್ಮ ಮಗನನ್ನು ಬೈಯಲು ಬಾಯಿ ತೆಗೆದಳು, ಅಣ್ಣನನ್ನು ನೋಡಿದಳು, ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆಮೇಲೆ ಹೇಗೋ ಸಾವರಿಸಿಕೊಂಡು ಬೈದಳು.

"ಪೆದ್ದೇ! ಮೇಣ ಇರೋದು ಮರಕ್ಕೆ, ಮಾವನಿಗಲ್ಲ! ಬಟ್ಟೇಗೆ ಒಂಚೂರು ಮುಟ್ಟಿಸ್ಕೊಂಡು ಮರಾನ ಉಜ್ಜಬೇಕು. ನೊಣ ಕೂತ್ರೆ ಜಾರಬೇಕು. ಅಲ್ಲೀವರೆಗೂ ಉಜ್ಜಬೇಕು!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಉಜ್ಜಿದ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಬಡಗಿ ಬೀದಿಯಲ್ಲಿ ಯಾರೂ ಉಜ್ಜಿರಲಿಲ್ಲ. ಬೇರೆಯವರಿಗೆ ಬೇಜಾರು ಬರುತ್ತದೆ. ಮೋನನಿಗೆ ಬರುವುದಿಲ್ಲ. ಮರದ ಗೆರೆ ಹೋದ ಕಡೆಗೇ ಕೈ ಹೋಯಿತು, ಹೋಯಿತು, ಹೋಗುತ್ತಲೇ ಇತ್ತು. ಹಲಸಿನ ಮರ ಅರಿಸಿನ ಹಚ್ಚಿಕೊಂಡ ಮದುವಣಗಿತ್ತಿಯ ಹಾಗೆ ಹೊಳೆಯಿತು. ಗಿಣಿಗಳ ಕಣ್ಣಿಗೂ ಹೊಳಪು ಬಂತು.

ವೀರಾಚಾರಿ ಬಂದು ನೋಡಿ ಬೆರಗಾದ. "ಸಾಕು ಕಣೋ, ಬಿಡು" ಅಂದ.

"ನೊಣ ಇನ್ನೂ ಕೂತಿಲ್ಲ ಮಾವ."

"ಹಾಳಾಗ್ಹೋಗು" ಅಂತ ವೀರಾಚಾರಿ ಊಟಕ್ಕೆ ಹೋದ. ಊಟವಾದ ಮೇಲೆ ಮಲಗಿಬಿಟ್ಟ.

ಮೋನ ಕಾದ. ನೊಣ ಬರಲಿಲ್ಲ. ಮಾವನ ಕೆಲಸದ ಕೊಟ್ಟಿಗೆಯಲ್ಲಿ ಮೇಣ, ಹೊಟ್ಟು, ಉಳಿ. ನೊಣಕ್ಕೆ ಅಲ್ಲೇನು ಕೆಲಸ? ನೊಣ ಬರದೆ ಕೂರುವುದು ಹೇಗೆ? ಕೂರದೆ ಜಾರುವುದು ಹೇಗೆ? ಮೋನ ಅತ್ತೆಯ ಅಡಿಗೆಮನೆಗೆ ಹೋಗಿ ಬೆಲ್ಲದ ಪಾಕ ತಂದು ತೊಟ್ಟಿಲಿನ ಅಂಚಿಗೆ ಸವರಿದ.

ನೊಣ ಬಂತು. ಕೂತಿತು. ಜಾರಲಿಲ್ಲ. ಅಂಟಿಕೊಂಡಿತು.

"ಅಯ್ಯೋ! ಇನ್ನೂ ನುಣುಪಾಗಿಲ್ಲ!" ಅಂದ ಮೋನ. ಇನ್ನಷ್ಟು ಉಜ್ಜಿದ. ಬೆಲ್ಲ ಇಡೀ ತೊಟ್ಟಿಲಿಗೆ ಹರಡಿತು. ಸಂಜೆ ವೀರಾಚಾರಿ ಎದ್ದು ಬರುವ ಹೊತ್ತಿಗೆ ಗೋಡೆಯ ಸಂದಿಯಿಂದ ತೊಟ್ಟಿಲಿನವರೆಗೆ ಇರುವೆ ಸಾಲು. ಗಿಣಿಗಳು ಕಾಣುತ್ತಿರಲಿಲ್ಲ, ಬಳ್ಳಿ ಕಾಣುತ್ತಿರಲಿಲ್ಲ. ತೊಟ್ಟಿಲೇ ನಡೆಯುತ್ತಿರುವ ಹಾಗಿತ್ತು.

ಕಾಳಮ್ಮ ಓಡಿ ಬಂದಳು. ಬಟ್ಟೆ ಒದ್ದೆ ಮಾಡಿ, ಹಿಂಡಿ, ಒರೆಸಿ, ಮತ್ತೆ ಒಣಬಟ್ಟೆಯಲ್ಲಿ ಒರೆಸಿ, ಬೈದು, ಮತ್ತೆ ಒರೆಸಿದಳು.

"ಸಿಹಿ ಇದ್ದ ಕಡೆ ಇರುವೆ ಹತ್ತುತ್ತೆ ಅನ್ನೋದು ಗೊತ್ತಿಲ್ವೇನೋ? ನಮ್ಮ ಅಡಿಗೆಮನೆ ಬೀರು ನೋಡಿಲ್ವಾ? ಸಿಹಿ ಇಟ್ಟ ಮೇಲೆ ಕಾಲಿನ ಕೆಳಗೆ ನೀರಿನ ಬಟ್ಟಲು ಇಡಬೇಕು! ಆಗ ಒಂದು ಇರುವೇನೂ ಹತ್ತಲ್ಲ!"

"ಹೂಂ ಅವ್ವ. ಇನ್ಮೇಲೆ ಹಂಗೇ ಮಾಡ್ತೀನಿ."

ಹೆಸರಿಡುವುದಕ್ಕೆ ಒಂದು ದಿನ ಉಳಿಯಿತು. ಆ ಸಂಜೆ ಬೀಗಿತ್ತಿ ನೀಲಮ್ಮ ಬಂದಳು. ಮಗುವನ್ನು ನೋಡಲು ಅಂದಳು. ತೊಟ್ಟಿಲು ಬಂದಿದೆಯೋ ಇಲ್ಲವೋ ನೋಡಲು ಬಂದದ್ದು. ಮನೆಯ ತೊಲೆಯಲ್ಲಿ ಬರೀ ಕೊಂಡಿ ಇತ್ತು. ನೀಲಮ್ಮ ಕೊಂಡಿಯನ್ನು ನೋಡಿದಳು. ಕಾಳಮ್ಮ ಬೇಗ ಬೇಗ ಸಜ್ಜಿಗೆ ಮಾಡಿ ತಟ್ಟೆಯಲ್ಲಿ ಹಾಕಿ ಕೊಟ್ಟಳು. ನೀಲಮ್ಮ ಬೆಂಚಿನ ಮೇಲೆ ಕೂತು ತಿನ್ನತೊಡಗಿದಳು.

ಮೋನ ಕಂಬದ ಹಿಂದಿನಿಂದ ನೋಡಿದ. ಸಿಹಿ ಒಳಗೆ ಹೋಗುತ್ತಿದೆ. ಕಾಲು ನೆಲದ ಮೇಲಿದೆ.

ಓಡಿಹೋಗಿ ಎರಡು ದೊಡ್ಡ ಬಟ್ಟಲು ತಣ್ಣೀರು ತಂದ. ಮಂಡಿಯೂರಿ ಕೂತು, ನೀಲಮ್ಮನ ಒಂದು ಪಾದ ಎತ್ತಿ ಒಂದು ಬಟ್ಟಲಲ್ಲಿ ಇಟ್ಟ. ಇನ್ನೊಂದು ಪಾದ ಎತ್ತಿ ಇನ್ನೊಂದರಲ್ಲಿ ಇಟ್ಟ. ನೀಲಮ್ಮ ಬಿಸಿಲಲ್ಲಿ ನಡೆದು ಬಂದಿದ್ದಳು. ತಣ್ಣೀರು ಸೋಕಿದ್ದೇ ತಡ, ಅವಳ ಮುಖ ಅರಳಿತು.

"ಆಹಾ! ನೋಡಿ ಕಾಳಮ್ನೋರೆ, ಕಾಲಿಗೆ ನೀರು ಕೊಡೋರು ಇದ್ದಾರೆ, ಕಾಲನ್ನೇ ತೊಳೆಯೋರು ಯಾರಿದ್ದಾರೆ? ಇವನನ್ನ ಪೆದ್ದ ಅಂತಾರಲ್ಲ ಜನ! ಎಂಥಾ ಮರ್ಯಾದೆ!"

ಕಾಳಮ್ಮನ ಕಣ್ಣಲ್ಲಿ ನೀರು ಬಂತು. ತನ್ನ ಮಗ! ಒಳಗೆ ಬಾಣಂತಿ ಕೋಣೆಯಲ್ಲಿ ಅಂಬುಜ ಕಿವಿಗೊಟ್ಟು ಕೂತಳು.

"ಇದನ್ನ ಯಾರಪ್ಪಾ ನಿಂಗೆ ಹೇಳಿಕೊಟ್ಟೋರು?" ಅಂದಳು ನೀಲಮ್ಮ, ಇನ್ನೊಂದು ತುತ್ತು ಸಜ್ಜಿಗೆ ಬಾಯಿಗಿಡುತ್ತ.

"ಅವ್ವ ಹೇಳಿದ್ದು. ಇರುವೆ ಹತ್ತಬಾರದು ಅಂತ."

ತುತ್ತು ನಿಂತಿತು. "ಇರುವೆಯಾ? ನಾನೇನು ಬೆಲ್ಲದ ಡಬ್ಬಿಯೇನೋ?"

"ಅಲ್ಲ ಅತ್ತೆ. ಡಬ್ಬಿಗೆ ಕಾಲಿರಲ್ಲ. ನೀವು ಬೀರು."

ಕೋಣೆಯೊಳಗೆ ಅಂಬುಜ ಕೆಮ್ಮಿದ ಹಾಗೆ ಕೇಳಿತು. ಅದು ಕೆಮ್ಮಲ್ಲ. ನೀಲಮ್ಮ ಎದ್ದಳು. ಎರಡು ಬಟ್ಟಲೂ ಚೆಲ್ಲಿದವು.

"ನಾಳೆ ಬರ್ತೀನಿ. ಗಾಡೀಲೇ ಬರ್ತೀನಿ. ಎತ್ತು ಬಿಚ್ಚಲ್ಲ! ಊಟದ ಹೊತ್ತಿನೊಳಗೆ ತೊಟ್ಟಿಲು ಈ ಹೊಸಿಲು ದಾಟದಿದ್ರೆ, ಸೊಸೆ ಮಗು ಇಬ್ರೂ ನನ್ನ ಜೊತೆ!"

ಅವಳು ಹೋದ ಮೇಲೆ ಕಾಳಮ್ಮ ಮಗನ ಎರಡೂ ಕಿವಿ ಹಿಡಿದಳು. ಈ ಸಲ ಕೂಗಲಿಲ್ಲ. ಮೇಲೆ ನೋಡಿದಳು, ಕೊಂಡಿ ಖಾಲಿ ಇತ್ತು. ಮೆಲ್ಲಗೆ ಹೇಳಿದಳು.

"ಮೋನ, ನಿಮ್ಮಪ್ಪ ಇಟ್ಟುಹೋದ ಮರ ಕಣೋ ಅದು. ನಾಳೆ ಒಂದು ದಿನ ನನ್ನ ಮಾನ ಉಳಿಸು. ಯಾರಾದ್ರೂ ಏನಾದ್ರೂ ಹೇಳಿದ್ರೆ ಹೇಳಿದಷ್ಟು ಮಾಡು, ಕಾರಣ ಹೇಳಬೇಡ. ಮಾವನ ಮನೆಯಿಂದ ತೊಟ್ಟಿಲು ತಗೊಂಡು ಬಾ. ಖಾಲಿ ತೊಟ್ಟಿಲು ಹೊಸಿಲು ದಾಟಬಾರದು. ತುಂಬಿದ ತೊಟ್ಟಿಲು ತಗೊಂಡು ಬಾ."

"ಹೂಂ ಅವ್ವ. ಹಂಗೇ ಮಾಡ್ತೀನಿ."

ಅವಳು ಹೇಳಿದ್ದರ ಅರ್ಥ, ಒಂದು ಗುಂಡುಕಲ್ಲಿಗೆ ಮಗುವಿನ ಹಾಗೆ ಬಟ್ಟೆ ಸುತ್ತಿ ಒಳಗಿಟ್ಟುಕೊಂಡು ಬಾ ಅಂತ. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಎಲ್ಲರಿಗೂ ಗೊತ್ತು ಅಂತಲೇ ಅವಳು ಅದನ್ನು ಬಿಡಿಸಿ ಹೇಳಲಿಲ್ಲ.

ಬೆಳಿಗ್ಗೆ ವೀರಾಚಾರಿ ತೊಟ್ಟಿಲನ್ನು ಕೈಗಾಡಿಯ ಮೇಲೆ ಏರಿಸಿ ಹಗ್ಗ ಬಿಗಿದ. "ನಾನು ಮುಂದೆ ಹೋಗಿ ಕೊಂಡಿಗೆ ಸರಪಳಿ ಹಾಕಿರ್ತೀನಿ. ನೀನು ನಿಧಾನಕ್ಕೆ ತಳ್ಕೊಂಡು ಬಾ. ಬೀದಿ ನೆಟ್ಟಗಿದೆ. ಅವ್ವ ಹೇಳಿದ್ದು ಬಿಟ್ಟು ಬೇರೇನೂ ಮಾಡಬೇಡ. ಬರೀ ತಳ್ಳು" ಅಂತ ಹೇಳಿ ಹೊರಟ.

ಮೋನ ತೊಟ್ಟಿಲೊಳಗೆ ಇಣುಕಿದ. ಖಾಲಿ. ತುಂಬಿದ ತೊಟ್ಟಿಲು ಬೇಕು. ತೊಟ್ಟಿಲಿಗೆ ಏನು ತುಂಬುತ್ತಾರೆ? ಅಷ್ಟು ಮೋನನಿಗೂ ಗೊತ್ತಿತ್ತು.

ಬೀದಿಯ ಹೆಂಗಸರೆಲ್ಲ ಆ ಹೊತ್ತಿಗೆ ಹೆಸರಿಡುವ ಮನೆಗೇ ಹೊರಟಿದ್ದರು. ದೇವೀರಮ್ಮ ಕಂಕುಳಲ್ಲಿ ಕೂಸು ಎತ್ತಿಕೊಂಡು ಎದುರಿಗೆ ಬಂದಳು.

"ಅಕ್ಕ, ನಿಮ್ಮ ಕೂಸು ಕೊಡಿ. ತೊಟ್ಟಿಲು ಖಾಲಿ ಹೋಗಬಾರದಂತೆ."

"ತಗೋ ಮಾರಾಯ, ನನ್ನ ಸೊಂಟ ಬಿದ್ದುಹೋಯ್ತು" ಅಂತ ಅವಳು ಕೂಸನ್ನು ಮಲಗಿಸಿದಳು.

ಮೋನ ಇಣುಕಿ ನೋಡಿದ. ಖಾಲಿ ಅಲ್ಲ. ಆದರೆ ತುಂಬಿಲ್ಲ. ಇನ್ನೊಂದು ಮನೆಯ ಮುಂದೆ ಗಾಡಿ ನಿಲ್ಲಿಸಿದ.

"ಅಕ್ಕ, ನಿಮ್ಮ ಕೂಸು?"

"ಜಾಗ ಇದೆಯೇನೋ?"

"ಜಾಗ ಇದೆ ಅಂತಲೇ ಕೇಳ್ತಿರೋದು!"

ಹೀಗೇ ಮೂರನೆಯದು. ಹೀಗೇ ನಾಲ್ಕನೆಯದು. ಆ ಬೀದಿಯಲ್ಲಿ ಆ ಸಲದ ಕೂಸುಗಳೇ ಅಷ್ಟು. ಯಾವುದಕ್ಕೂ ಇನ್ನೂ ಹೆಸರಿಟ್ಟಿರಲಿಲ್ಲ. ಪಾಪು, ಪುಟ್ಟಿ ಅಂತ ನಡೆಯುತ್ತಿತ್ತು.

ಇತ್ತ ಕಾಳಮ್ಮನ ಮನೆಯ ಮುಂದೆ ಗಾಡಿ ನಿಂತಿತ್ತು. ಎತ್ತು ಬಿಚ್ಚಿರಲಿಲ್ಲ. ಎಲೆ ಹಾಕುವ ಹೊತ್ತಾಯಿತು. ನೀಲಮ್ಮ ಎದ್ದು ನಿಂತಳು.

"ಅಂಬುಜ, ಗಂಟು ಕಟ್ಟಮ್ಮ. ಗಾಡಿ ಹತ್ತು."

ಕಾಳಮ್ಮ ಬಾಗಿಲಿನ ಚೌಕಟ್ಟು ಹಿಡಿದು ಬೀದಿ ನೋಡುತ್ತಿದ್ದಳು. ಅಂಬುಜ ಮಗುವನ್ನು ಎತ್ತಿಕೊಂಡಳು. ಆಗ ಬೀದಿಯ ತುದಿಯಿಂದ ಗಲಾಟೆ ಕೇಳಿತು. ಮೊದಲು ಚಕ್ರದ ಸದ್ದು, ಆಮೇಲೆ ಕೂಸುಗಳ ಕೇಕೆ, ಅದರ ಹಿಂದೆ ತಾಯಂದಿರ ನಗು. ಮೋನ ಗಾಡಿ ತಳ್ಳಿಕೊಂಡು ಬಂದ. ವೀರಾಚಾರಿಯೂ ಅವನೂ ಸೇರಿ ತೊಟ್ಟಿಲನ್ನು ಎತ್ತಿ, ಹೊಸಿಲು ದಾಟಿಸಿ, ಸರಪಳಿಗೆ ಸಿಕ್ಕಿಸಿದರು.

ಕಾಳಮ್ಮ ಒಳಗೆ ಇಣುಕಿದಳು. ಹಣೆ ಹಿಡಿದುಕೊಂಡು ಅಲ್ಲೇ ಕೂತಳು.

"ಅಯ್ಯೋ ಪೆದ್ದೇ! ಗುಂಡುಕಲ್ಲು ಕಣೋ, ಗುಂಡುಕಲ್ಲು!"

ನೀಲಮ್ಮ ಮುಂದೆ ಬಂದಳು. ಗಿಣಿಗಳನ್ನು ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ತಪ್ಪು ಹುಡುಕುತ್ತಿದ್ದ ಬೆರಳು ಒಂದೂ ಸಿಗದೆ ನುಣ್ಣಗೆ ಜಾರಿಹೋಯಿತು. ಆಮೇಲೆ ಒಳಗೆ ನೋಡಿದಳು. ನಾಲ್ಕು ಕೂಸುಗಳೂ ಅವಳನ್ನೇ ನೋಡಿದವು. ಒಂದು ಬೊಚ್ಚುಬಾಯಿ ಬಿಟ್ಟು ನಕ್ಕಿತು. ನೀಲಮ್ಮನಿಗೆ ಬಿಗಿ ಹಿಡಿಯಲಾಗಲಿಲ್ಲ. ಅವಳೂ ನಕ್ಕುಬಿಟ್ಟಳು.

"ಎಲ್ಲಾರೂ ಕಲ್ಲು ತುಂಬ್ತಾರೆ ಕಾಳಮ್ನೋರೆ, ಇವನು ಮಕ್ಕಳನ್ನೇ ತುಂಬ್ಕೊಂಡು ಬಂದ! ಇದಕ್ಕಿಂತ ಒಳ್ಳೆ ಶಕುನ ಬೇಕಾ?" ಅಂದಳು. ಬಾಗಿಲ ಕಡೆ ತಿರುಗಿ ಕೂಗಿದಳು. "ಲೇ, ಎತ್ತು ಬಿಚ್ಚೋ! ಹುಲ್ಲು ಹಾಕು!"

ಕಾಳಮ್ಮ ಎದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ತೊಟ್ಟಿಲು ತೂಗಿದರು. ಲಾಲಿ ಹಾಡಿದರು. ಹಾಡು ಮುಗಿಯುವಷ್ಟರಲ್ಲಿ ನಾಲ್ಕು ಕೂಸುಗಳೂ ನಿದ್ದೆ ಹೋದವು. ತಾಯಂದಿರು ಎತ್ತಿಕೊಳ್ಳಲು ಬಂದರೆ ನೀಲಮ್ಮ, "ಎಬ್ಬಿಸಬೇಡಿ, ಎದ್ರೆ ರಾಗ ತೆಗೀತಾವೆ, ಹಂಗೇ ಇರ್ಲಿ" ಅಂದಳು. ಅಂಬುಜ ತನ್ನ ಮಗುವನ್ನು ನಡುವೆ ಮಲಗಿಸಿದಳು.

"ಬಾರಪ್ಪ ಸೋದರಮಾವ" ಅಂತ ನೀಲಮ್ಮ ಮೋನನನ್ನು ಕರೆದಳು. "ತೊಟ್ಟಿಲು ತಂದೋನೇ ಹೆಸರು ಹೇಳಬೇಕು. ವಿಶಾಲಾಕ್ಷಿ ಅಂತ. ತೊಟ್ಟಿಲಲ್ಲಿ ಮಲಗಿರೋ ಕೂಸಿನ ಕಿವೀಲಿ ಮೆಲ್ಲಗೆ ಹೇಳು. ಅಷ್ಟೇ."

ಹೇಳಿದಷ್ಟು ಮಾಡು. ಕಾರಣ ಹೇಳಬೇಡ. ಮೋನ ಬಗ್ಗಿದ. ಬಲಗಡೆಯ ಕೂಸಿನ ಕಿವಿಗೆ ಬಾಯಿಟ್ಟ.

"ವಿಶಾಲಾಕ್ಷಿ."

ಅದರ ಪಕ್ಕದ್ದಕ್ಕೆ.

"ವಿಶಾಲಾಕ್ಷಿ."

"ಲೇ ಮೋನ! ನಡುವಿನದು ಕಣೋ!" ಅಂದಳು ಕಾಳಮ್ಮ. ಮೋನ ನಡುವಿನದಕ್ಕೂ ಹೇಳಿದ. ಅಲ್ಲಿಗೆ ನಿಲ್ಲಿಸಲಿಲ್ಲ.

"ನಮ್ಮದು ಗಂಡುಮಗು ಕಣೋ, ಬೇಡ ಕಣೋ!" ಅಂತ ದೇವೀರಮ್ಮ ಕಿರುಚುವಷ್ಟರಲ್ಲಿ ಅದರ ಕಿವಿಗೂ ಬಿದ್ದಿತ್ತು. ಕೊನೆಯದೂ ಮುಗಿಯಿತು. ಮೋನ ಬೆನ್ನು ನೆಟ್ಟಗೆ ಮಾಡಿದ. ಯಾವ ಕೂಸಿಗೂ ಎಚ್ಚರವಾಗಿರಲಿಲ್ಲ.

ಕಿವಿಯಲ್ಲಿ ಹೇಳಿದ ಹೆಸರನ್ನು ವಾಪಸು ತೆಗೆದುಕೊಳ್ಳುವ ಪದ್ಧತಿ ನಮ್ಮ ಕಡೆ ಇಲ್ಲ.

ಈಗಲೂ ಬಡಗಿ ಬೀದಿಗೆ ಹೋಗಿ ವಿಶಾಲಾಕ್ಷಿ ಅಂತ ಕೂಗಿ. ಅಂಬುಜಳ ಮಗಳು ಅಪ್ಪನ ಊರಲ್ಲಿದ್ದಾಳೆ, ಅವಳನ್ನು ಬಿಡಿ. ನಾಲ್ಕು ಜನ ಹೊರಗೆ ಬರುತ್ತಾರೆ. ಅದರಲ್ಲಿ ಮೀಸೆ ಇರುವವರು ಇಬ್ಬರು.